ರೋಗಿಗಳು ಬೇಕಾಗಿದ್ದಾರೆ

ಅಕ್ಕನ ಮಗಳ ನೀಟ್ ಫಲಿತಾಂಶ ಬಂದ ಸಂಜೆಯೇ ನಮ್ಮ ಬಳಗದಲ್ಲಿ ಹದಿನಾಲ್ಕು ಮಂದಿ ತಜ್ಞರು ಹುಟ್ಟಿಕೊಂಡರು. ಎಲ್ಲರದೂ ಒಂದೇ ವಿಷಯ: ಯಾವ ಮೆಡಿಕಲ್ ಕಾಲೇಜು ಒಳ್ಳೆಯದು. ಭಾವನಿಗೆ ಕಟ್ಟಡ ಮುಖ್ಯ. ಅಕ್ಕನಿಗೆ ಹಾಸ್ಟೆಲಿನ ಕಾಂಪೌಂಡ್ ಮುಖ್ಯ, ಅದರಲ್ಲೂ ಅದರ ಎತ್ತರ. ಭಾವನ ದೊಡ್ಡಪ್ಪನವರಿಗೆ ವಾಸ್ತು ಗೊತ್ತು. ಅವರು ಶವಾಗಾರ ಯಾವ ದಿಕ್ಕಿಗಿದೆ ಎಂದು ವಿಚಾರಿಸಿದರು. ಓದಬೇಕಾದ ಹುಡುಗಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವಳಿಗೆ ಕಾಫಿ ತರುವ ಕೆಲಸವಿತ್ತು.

ನೀಟ್ ಎಂದರೇನೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಒಂದು ಮಾತು: ಅದು ವೈದ್ಯಕೀಯ ಕೋರ್ಸುಗಳ ಪ್ರವೇಶ ಪರೀಕ್ಷೆ. 180 ಪ್ರಶ್ನೆ, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಒಟ್ಟು 720. ಎಲ್ಲವನ್ನೂ ಸರಿ ಮಾಡಿದವರಿಗೆ 720. ಒಂದನ್ನು ಬಿಟ್ಟವರಿಗೆ 716. ಒಂದನ್ನು ತಪ್ಪು ಮಾಡಿದವರಿಗೆ 715. ನಡುವೆ ಬೇರೆ ಅಂಕ ಬರಲು ದಾರಿಯೇ ಇಲ್ಲ. ಆದರೆ 2024ರಲ್ಲಿ 719 ಬಂತು, 718 ಕೂಡ ಬಂತು. ಕೇಳಿದರೆ ಕೃಪಾಂಕ ಎಂದರು. ಅದೇ ವರ್ಷ ಮೊದಲು 67 ಮಂದಿ ಪೂರ್ಣಾಂಕ ಪಡೆದರು, ಪರಿಷ್ಕರಣೆ ಮುಗಿಯುವ ಹೊತ್ತಿಗೆ ಅವರ ಸಂಖ್ಯೆ 17ಕ್ಕೆ ಇಳಿದಿತ್ತು. ಬರೆದವರು 23 ಲಕ್ಷಕ್ಕೂ ಹೆಚ್ಚು, ಅರ್ಹರಾದವರು 13 ಲಕ್ಷ, ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ. ಈ ಲೆಕ್ಕವನ್ನು ಮುಂದಿಟ್ಟುಕೊಂಡು, ‘ನಿನಗೆ ಯಾವ ಕಾಲೇಜು ಇಷ್ಟ ಮಗು?’ ಎಂದು ಕೇಳುವುದಕ್ಕೆ ನಮ್ಮ ರಾಜ್ಯದಲ್ಲಿ ಆಪ್ಷನ್ ಎಂಟ್ರಿ ಎನ್ನುತ್ತಾರೆ.

ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಇಷ್ಟವಾದ ಕಾಲೇಜುಗಳನ್ನು ಒಂದರ ಕೆಳಗೊಂದು ಜೋಡಿಸಬೇಕು. ಆಮೇಲೆ ಅಣಕು ಸೀಟು ಹಂಚಿಕೆ. ಇಡೀ ವ್ಯವಸ್ಥೆಯಲ್ಲಿ ತನ್ನ ಹೆಸರನ್ನು ತಾನೇ ಪ್ರಾಮಾಣಿಕವಾಗಿ ಹೇಳಿಕೊಳ್ಳುವ ಹಂತ ಇದೊಂದೇ. ನಿಜವಾದ ಹಂಚಿಕೆಯ ಬಳಿಕ ಛಾಯ್ಸ್‌ಗಳು ಬರುತ್ತವೆ: ಸೀಟು ಒಪ್ಪಿದೆ; ಒಪ್ಪಿದೆ, ಆದರೆ ಇನ್ನೂ ಒಳ್ಳೆಯದು ಬೇಕು; ಒಪ್ಪಿಲ್ಲ, ಮುಂದಿನ ಸುತ್ತಿಗೆ ಕಾಯುತ್ತೇನೆ; ನನಗೆ ಯಾವುದೂ ಬೇಡ, ಹೊರಟೆ. ಸಾಲ ಮಾಡದೆ ಚಲಾಯಿಸಬಹುದಾದದ್ದು ಕೊನೆಯದು ಮಾತ್ರ.

ಸಾಲ ಎಂದಾಗ ಭಾವನಿಗೆ ಎನ್‌ಆರ್‌ಐ ಕೋಟಾ, ಅಂದರೆ ಅನಿವಾಸಿ ಭಾರತೀಯರ ಪಾಲಿನ ಸೀಟುಗಳು, ನೆನಪಾಯಿತು. ಅವರ ಸೋದರತ್ತೆಯ ಅಳಿಯ ಮಸ್ಕತ್‌ನಲ್ಲಿದ್ದಾನೆ. ಹನ್ನೊಂದು ವರ್ಷಗಳಿಂದ ಮಾತಿಲ್ಲ, ಒಂದು ಸೈಟಿನ ಜಗಳ. ಆದರೂ ಆ ರಾತ್ರಿ ಅವನಿಗೆ ಫೋನ್ ಹೋಯಿತು, ‘ಹೇಗಿದ್ದೀಯಪ್ಪಾ, ಬಿಸಿಲು ಜಾಸ್ತಿಯೇ?’ ಎಂದು. ನಗಬೇಡಿ. ಪಂಜಾಬ್ ಸರ್ಕಾರ ಇದೇ ಉಪಾಯವನ್ನು ಅಧಿಸೂಚನೆಯಾಗಿಯೇ ಹೊರಡಿಸಿತ್ತು: ಚಿಕ್ಕಪ್ಪ, ಅತ್ತೆ, ಅಜ್ಜ, ದಾಯಾದಿ, ಯಾರು ಹೊರದೇಶದಲ್ಲಿದ್ದರೂ ಮಗು ಅನಿವಾಸಿಯೇ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಂಚನೆ ಎಂದೇ ಕರೆಯಿತು. ವೈದ್ಯಕೀಯ ಶಿಕ್ಷಣದಿಂದ ಆರೋಗ್ಯ ಸುಧಾರಿಸಿತೋ ಇಲ್ಲವೋ, ಒಡೆದ ಸಂಬಂಧಗಳಂತೂ ಕೂಡಿಕೊಳ್ಳುತ್ತಿದ್ದವು. ಅದಕ್ಕೂ ಕಲ್ಲು ಬಿತ್ತು.

ಇಷ್ಟೆಲ್ಲ ನಡೆಯುವಾಗ ಹುಡುಗಿ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: “ಮಾಮ, ಆ ಕಾಲೇಜುಗಳ ಆಸ್ಪತ್ರೆಯಲ್ಲಿ ರೋಗಿಗಳು ಇದ್ದಾರೆಯೇ?”

ಹದಿನಾಲ್ಕು ತಜ್ಞರಿಗೆ ಹೊಳೆಯದ ಪ್ರಶ್ನೆ. ಈಜುಕೊಳದ ಬಗ್ಗೆ ಕೇಳಿದ್ದರು, ಹವಾನಿಯಂತ್ರಿತ ಗ್ರಂಥಾಲಯದ ಬಗ್ಗೆ ಕೇಳಿದ್ದರು. ಈಜು ಕಲಿಯುವ ಜಾಗದಲ್ಲಿ ನೀರಿದೆಯೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಪಟ್ಟಿಯಲ್ಲಿದ್ದ ಒಂದು ಕಾಲೇಜನ್ನು ನೋಡಿ ಬರಲು ನಾನೇ ಹೊರಟೆ. ನಾಲ್ಕು ತಾಸು ಬಸ್ಸು. ದೊಡ್ಡ ಕಮಾನು, ಅಮೃತಶಿಲೆಯ ಮೆಟ್ಟಿಲು, ಸಂಸ್ಥಾಪಕರ ಪುತ್ಥಳಿ, ಅದಕ್ಕೆ ಅಂದಿನದೇ ಹೂವಿನ ಹಾರ. ಹೊರರೋಗಿ ವಿಭಾಗದಲ್ಲಿ ಇಪ್ಪತ್ತು ಕೌಂಟರ್. ಒಂದರಲ್ಲಿ ಮಾತ್ರ ಸಿಬ್ಬಂದಿ, ಅವರೂ ಊಟಕ್ಕೆ ಹೋಗಿದ್ದರು. ಮೇಲಿನ ವಾರ್ಡುಗಳಲ್ಲಿ ಹಾಸಿಗೆಗಳು ಸಾಲಾಗಿ, ಬೆಳ್ಳಗೆ, ಯಾರೂ ಮುಟ್ಟದ ಹಾಗೆ ಮಲಗಿದ್ದವು. ಹಾಸಿಗೆಯ ಮೇಲೆ ಹಾಸಿಗೆಯೇ ಮಲಗಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ನಿಯಮವೇನೋ ಕಡುವಾಗಿಯೇ ಇದೆ. ವರ್ಷಕ್ಕೆ 150 ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲೇಜಿಗೆ 605 ಹಾಸಿಗೆಗಳಿರಬೇಕು, ಅವುಗಳಲ್ಲಿ ಶೇ 80ರಷ್ಟಾದರೂ ತುಂಬಿರಬೇಕು. ಹಾಸಿಗೆಯನ್ನು ಅಂಗಡಿಯಿಂದ ತರಬಹುದು. ಕಾಯಿಲೆಯವರನ್ನು ಎಲ್ಲಿಂದ ತರುವುದು?

ಕಾವಲುಗಾರ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬಸ್ಸಿನ ಧೂಳು, ಬಾಡಿದ ಮುಖ, ಕೈಯಲ್ಲಿ ಚೀಲ. “ಮಲಗುವುದಕ್ಕೆ ಬಂದವರೇ?” ಎಂದು ಕೇಳಿದ.

“ಏನು?”

“ತಪಾಸಣೆ ಮುಂದಕ್ಕೆ ಹೋಗಿದೆ ಯಜಮಾನರೇ. ಮೇಸ್ತ್ರಿ ಹೇಳಿ ಕಳುಹಿಸುತ್ತಾರೆ. ನಂಬರ್ ಬರೆಸಿ ಹೋಗಿ.”

ಆಗ ನನಗೆ ಮೂಗಿಗಿಂತ ಮೊದಲು ಹೊಟ್ಟೆಗೆ ವಾಸನೆ ಬಡಿಯಿತು. ಆದರೂ ಅಷ್ಟು ಗೌರವದಿಂದ ಕೇಳಿದವನಿಗೆ ಇಲ್ಲವೆನ್ನಲಾಗದೆ ನಂಬರ್ ಬರೆಸಿದೆ.

ಇದನ್ನು ನಾನು ಕಟ್ಟಿ ಹೇಳುತ್ತಿದ್ದೇನೆ ಎನ್ನುವವರು ದಿನಪತ್ರಿಕೆ ಓದುವುದಿಲ್ಲ ಎಂದರ್ಥ. 2010ರಲ್ಲಿ, ಕಾಲೇಜುಗಳ ಮಾನ್ಯತೆ ನೋಡಿಕೊಳ್ಳುತ್ತಿದ್ದ ಭಾರತೀಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರನ್ನೇ ಸಿಬಿಐ ಬಂಧಿಸಿತು. ಮಂಡಳಿಯಿಂದಲೇ ರೋಗ ಎಂದು ತೀರ್ಮಾನಿಸಿ, 2020ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ತಂದರು. ಐದು ವರ್ಷ ತುಂಬುವ ಮೊದಲೇ, 2025ರ ಜುಲೈ ಹೊತ್ತಿಗೆ, ಮತ್ತೆ ಸಿಬಿಐ. ಆರೋಪಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ತಪಾಸಣೆಯ ದಿನ ಕಾಲೇಜಿಗೆ ಮೊದಲೇ ತಿಳಿಯುತ್ತಿತ್ತು, ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿರುವ ಬೋಧಕರಿದ್ದರು, ಬಾಡಿಗೆ ರೋಗಿಗಳಿದ್ದರು. ಒಂದು ಕಡೆಯಂತೂ ಬಾರದ ಬೋಧಕರ ಹಾಜರಿ ಒತ್ತಲು ಕೃತಕ ಬೆರಳುಗಳನ್ನೇ ಮಾಡಿಸಿದ್ದರಂತೆ. ಅಂಗಾಂಗ ತಯಾರಿಕೆಯಲ್ಲಿ ಇಷ್ಟು ಮುಂದುವರಿದವರ ಕೈಕೆಳಗೆ ಮಕ್ಕಳು ಏನನ್ನೂ ಕಲಿಯುವುದಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಈಗ ಬೆರಳು ಬಿಟ್ಟು ಮುಖ ತೋರಿಸಿ ಹಾಜರಿ ಹಾಕಬೇಕೆಂದಿದ್ದಾರೆ. ಮುಖವಾಡದ ವ್ಯಾಪಾರಿಗಳಿಗೆ ಒಳ್ಳೆಯ ಕಾಲ.

ಊರಿಗೆ ಮರಳಿ ವರದಿ ಒಪ್ಪಿಸಿದೆ. ಭಾವ ಅಮೃತಶಿಲೆಯ ಬಗ್ಗೆ ಮಾತ್ರ ವಿವರವಾಗಿ ಕೇಳಿಕೊಂಡರು.

ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ ಹುಡುಗಿ ಲ್ಯಾಪ್‌ಟಾಪ್ ತೆರೆದು ಮೊದಲನೆಯ ಜಾಗದಲ್ಲಿ ಮೈಸೂರು ಮೆಡಿಕಲ್ ಕಾಲೇಜನ್ನು ಹಾಕಿದಳು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಮೈಸೂರಿಗೆ ಹೋದ ಕಾಲೇಜು, ರಾಜ್ಯದಲ್ಲಿ ಎಲ್ಲಕ್ಕಿಂತ ಹಳೆಯದು. ಅದರ ಕೆಳಗೆ ಇನ್ನಷ್ಟು ಸರ್ಕಾರಿ ಕಾಲೇಜುಗಳು. ಭಾವ ಗಾಬರಿಯಾದರು.

“ಅಲ್ಲಮ್ಮಾ, ಸರ್ಕಾರಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿರುತ್ತಾರೆ!”

“ಅದಕ್ಕೇ ಅಪ್ಪಾ” ಎಂದಳು.

ದೊಡ್ಡಪ್ಪನವರು ದಿಕ್ಕು ನೋಡಲು ದಿಕ್ಸೂಚಿ ಹುಡುಕತೊಡಗಿದರು. ಭಾವ ಏನೂ ಹೇಳದೆ, ಪಟ್ಟಿಯ ತೀರಾ ಕೊನೆಗೆ, ಅಮೃತಶಿಲೆಯ ಕಾಲೇಜನ್ನೂ ಒಂದು ಇರಲಿ ಎಂದು ಸೇರಿಸಿದರು.

ಅಣಕು ಹಂಚಿಕೆಯಲ್ಲಿ ಬಂದದ್ದು ಅದೇ. ಮನೆಯಲ್ಲಿ ಯಾರಿಗೂ ಮಾತಿಲ್ಲ. ನಿಜವಾದ ಸುತ್ತಿನಲ್ಲಿ ಬದಲಾಗಬಹುದು ಎಂದು ನಾನು ಸಮಾಧಾನ ಹೇಳುತ್ತಿರುವಾಗಲೇ ನನ್ನ ಮೊಬೈಲ್ ರಿಂಗಾಯಿತು. ಅಪರಿಚಿತ ನಂಬರ್.

“ಯಜಮಾನರೇ, ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದುಬಿಡಿ. ಊಟ ಅಲ್ಲಿಯೇ, ಹೊದಿಕೆ ನಿಮ್ಮದು. ಯಾವ ವಾರ್ಡು ಬೇಕು ಎಂದು ಈಗಲೇ ಹೇಳಿದರೆ ಒಳ್ಳೆಯದು. ಮೂಳೆ ವಿಭಾಗ ಆಗಲೇ ಭರ್ತಿಯಾಗಿದೆ.”