ಅಕ್ಕನ ಅರ್ಜಿ, ತಮ್ಮನ ಅರವತ್ತು

ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಂದು ಪಂಚಾಂಗ ಹೊರಡಿಸುತ್ತದೆ. ಹೆಸರು ವೀಸಾ ಬುಲೆಟಿನ್. ತಿಥಿ, ವಾರ, ನಕ್ಷತ್ರದ ಗೊಡವೆ ಅದಕ್ಕಿಲ್ಲ, ಬರೀ ದಿನಾಂಕಗಳು. ಎಫ್-4 ಎಂಬ ಸಾಲಿನ ಮೇಲೆ ಬೆರಳಿಟ್ಟು, ಹಾಗೇ ಜಾರಿಸಿಕೊಂಡು ಹೋಗಿ ಇಂಡಿಯಾ ಎಂಬ ಮನೆಯಲ್ಲಿ ನಿಲ್ಲಿಸಿ. ಇತ್ತೀಚಿನ ಬುಲೆಟಿನ್‌ಗಳಲ್ಲೂ ಆ ಮನೆಯಲ್ಲಿ 2006ನೇ ಇಸವಿಯೇ ನಡೆಯುತ್ತಿದೆ.

ಎಫ್-4 ಎಂದರೆ ಒಡಹುಟ್ಟಿದವರ ವರ್ಗ. 21 ತುಂಬಿದ ಅಮೆರಿಕನ್ ಪ್ರಜೆ ತನ್ನ ಅಣ್ಣನನ್ನೋ ತಂಗಿಯನ್ನೋ, ಅವರ ಹೆಂಡತಿ ಅಥವಾ ಗಂಡ, ಮಕ್ಕಳ ಸಮೇತ, ಕಾಯಂ ಆಗಿ ಕರೆಸಿಕೊಳ್ಳಬಹುದು. ಐ-130 ಅರ್ಜಿ ತುಂಬಿ ಕಾಗದದಲ್ಲಾದರೆ 675 ಡಾಲರ್, ಆನ್‌ಲೈನಿನಲ್ಲಾದರೆ 625 ಡಾಲರ್ ಕಟ್ಟಬೇಕು. ಇದು 2024ರ ಏಪ್ರಿಲ್‌ನಿಂದೀಚಿನ ದರ. ಅರ್ಜಿ ಅವರ ಕೈ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟು. ಬುಲೆಟಿನ್ನಿನ ದಿನಾಂಕ ಅದನ್ನು ದಾಟಿದ ತಿಂಗಳು ನಿಮ್ಮ ಪಾಳಿ. ಇಷ್ಟು ಸರಳ. ಇಷ್ಟು ಸರಳವಾದ ಕೆಲಸಕ್ಕೆ ಇಪ್ಪತ್ತು ವರ್ಷ ಹಿಡಿಸುವುದು ಸಾಮಾನ್ಯ ಸರ್ಕಾರಗಳಿಂದ ಆಗುವ ಮಾತಲ್ಲ.

2006ನ್ನು ಸ್ವಲ್ಪ ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ತೀರಿಕೊಂಡ ವರ್ಷ ಅದು. ಕರ್ನಾಟಕಕ್ಕೆ ಐವತ್ತು ತುಂಬಿದ ಸುವರ್ಣ ವರ್ಷ. ಬೆಂಗಳೂರಿಗರು ವಿಮಾನ ಹತ್ತಲು ಎಚ್‌ಎಎಲ್‌ಗೆ ಹೋಗುತ್ತಿದ್ದರು. ಆ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ನಮ್ಮ ಮೆಟ್ರೊಗೆ ಅಡಿಗಲ್ಲು ಹಾಕಿದರು. ಅದೇ ಹೊತ್ತಿಗೆ ನ್ಯೂಜೆರ್ಸಿಯ ಅಕ್ಕನೊಬ್ಬಳು ಮೈಸೂರಿನ ತಮ್ಮನಿಗಾಗಿ ಅರ್ಜಿ ಹಾಕಿದಳು ಎಂದಿಟ್ಟುಕೊಳ್ಳಿ. ಮೆಟ್ರೊದವರು ಭೂಸ್ವಾಧೀನ, ಬಂಡೆ, ಕೋರ್ಟು, ಕಂತ್ರಾಟುದಾರರು ಎಲ್ಲವನ್ನೂ ಕಂಡು, ಎಂ.ಜಿ. ರಸ್ತೆಯ ಮರಗಳನ್ನು ಉರುಳಿಸಿ, ಜನರಿಂದ ಬೈಸಿಕೊಂಡು 2011ರಲ್ಲಿ ರೈಲು ಓಡಿಸಿಯೇಬಿಟ್ಟರು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಗಿ, ಅದು ಸಾಲದಾಗಿ, 2022ರಲ್ಲಿ ಇನ್ನೊಂದು ಟರ್ಮಿನಲ್ಲೂ ಎದ್ದಿತು. ನಮ್ಮ ಕಾಮಗಾರಿಗಳ ವೇಗವನ್ನು ಹೊಗಳುವ ಸುಯೋಗ ಕನ್ನಡಿಗನಿಗೆ ಅಮೆರಿಕದ ದಯೆಯಿಂದ ಒದಗಿದ್ದು ಇದೇ ಮೊದಲು. ಮೈಸೂರಿನ ಆ ತಮ್ಮ ವಿಮಾನ ಹತ್ತಲೆಂದು ನಾವು ಎರಡೆರಡು ಟರ್ಮಿನಲ್ ಕಟ್ಟಿಕೊಟ್ಟಿದ್ದೇವೆ. ವೀಸಾ ಒಂದು ಬಂದರೆ ಸಾಕು.

ತಡ ಯಾಕೆ ಅಂದರೆ ಗುಮಾಸ್ತರ ಸೋಮಾರಿತನ ಅಂದುಕೊಳ್ಳಬೇಡಿ. ಗುಮಾಸ್ತರ ತಪ್ಪಾಗಿದ್ದರೆ ಮೇಲಿನವರಿಗೆ ಹೇಳಿಸಬಹುದಿತ್ತು. ಇದು ಕಾನೂನಿನಲ್ಲೇ ಬರೆದಿಟ್ಟ ತಡ. ಇಡೀ ಜಗತ್ತಿನ ಒಡಹುಟ್ಟಿದವರಿಗೆಲ್ಲ ಸೇರಿ ವರ್ಷಕ್ಕೆ 65,000 ವೀಸಾ. ಹೆಂಡತಿ, ಮಕ್ಕಳ ತಲೆಯೂ ಇದೇ ಲೆಕ್ಕಕ್ಕೆ. ಅಂದರೆ ತಮ್ಮ, ಅವನ ಹೆಂಡತಿ, ಎರಡು ಮಕ್ಕಳು ಹೊರಟರೆ ನಾಲ್ಕು ವೀಸಾ ಖರ್ಚು. ಬೇರೆ ವರ್ಗಗಳಲ್ಲಿ ಮಿಕ್ಕಿದ್ದೇನಾದರೂ ಇದ್ದರೆ ಇತ್ತ ಹರಿದು ಬರಬೇಕು. ಆದರೆ ಅಲ್ಲಿನ ಸಾಲುಗಳೂ ಉದ್ದವೇ ಇರುವುದರಿಂದ ಮಿಗುವ ಪ್ರಶ್ನೆ ಏಳುವುದಿಲ್ಲ. ಇತ್ತ ಕಾದು ಕೂತವರು 20 ಲಕ್ಷಕ್ಕೂ ಹೆಚ್ಚು. ಭಾಗಾಕಾರ ಬಲ್ಲ ಯಾವ ಹೈಸ್ಕೂಲು ಹುಡುಗನಾದರೂ ಮೂವತ್ತು ಚಿಲ್ಲರೆ ವರ್ಷ ಎಂದು ಉತ್ತರ ತೆಗೆಯುತ್ತಾನೆ. ಇಂದು ಅರ್ಜಿ ಹಾಕುವವರಿಗೆ ಮಾತ್ರ ಈ ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೀಸು ಕಟ್ಟಿಸಿಕೊಂಡು ರಸೀದಿ ಕೊಡುತ್ತಾರೆ.

ಇದರ ಮೇಲೆ ಸಮಾನತೆ ಬೇರೆ. ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ. 140 ಕೋಟಿಯ ಭಾರತಕ್ಕೂ ಅಷ್ಟೇ, ನಾಲ್ಕು ಲಕ್ಷವೂ ಇಲ್ಲದ ಐಸ್‌ಲ್ಯಾಂಡಿಗೂ ಅಷ್ಟೇ ಮಿತಿ. 65,000ದಲ್ಲಿ ಶೇ 7 ಅಂದರೆ 4,550. ದಾವಣಗೆರೆಯ ಒಂದು ವಾರ್ಡಿಗೂ ಸಾಲದು. ಐಸ್‌ಲ್ಯಾಂಡಿನವರು ತಮ್ಮ ಪಾಲನ್ನು ಏನು ಮಾಡುತ್ತಾರೋ ಅವರೇ ಬಲ್ಲರು.

ಇನ್ನು ಬುಲೆಟಿನ್ನು ಪ್ರತಿ ತಿಂಗಳೂ ಮುಂದಕ್ಕೇ ಹೋಗಬೇಕೆಂಬ ನಿಯಮವಿಲ್ಲ. 2022ರಲ್ಲಿ ತಿಂಗಳ ಮೇಲೆ ತಿಂಗಳು ಬಂದರೂ ಭಾರತದ ದಿನಾಂಕ 2005ರ ಸೆಪ್ಟೆಂಬರ್ 15ರಿಂದ ಕದಲಲೇ ಇಲ್ಲ. ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ. ಸೂಟ್‌ಕೇಸಿನ ರೇಟು ವಿಚಾರಿಸಿ ಬಂದವನು ಮರುತಿಂಗಳು ನೋಡಿದರೆ ಮತ್ತೆ ಒಂದೂವರೆ ವರ್ಷ ಹಿಂದೆ.

ಈ ವ್ಯವಸ್ಥೆಯ ಮೂಲ 1965ರ ಕಾನೂನು. ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಕಾಲಬುಡದಲ್ಲಿ ಕೂತು ಸಹಿ ಹಾಕುತ್ತ, ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದಿದ್ದರು. ಬಂಧುಗಳಿಗೆ ಆದ್ಯತೆ ಕೊಟ್ಟರೆ ಆಗಲೇ ಅಮೆರಿಕದಲ್ಲಿದ್ದ ಯುರೋಪಿನವರ ಬಂಧುಗಳೇ ಬರುತ್ತಾರೆ, ದೇಶದ ಚಹರೆ ಬದಲಾಗುವುದಿಲ್ಲ ಎಂಬ ಲೆಕ್ಕಾಚಾರ ಕೆಲವರದು. ಒಡಹುಟ್ಟಿದವರಿಗೆ ಶೇ 24ರ ದೊಡ್ಡ ಪಾಲನ್ನೇ ತೆಗೆದಿಟ್ಟರು. ಅಣ್ಣತಮ್ಮಂದಿರು ಮೆಕ್ಸಿಕೊದಲ್ಲೂ, ಫಿಲಿಪ್ಪೀನ್ಸ್‌ನಲ್ಲೂ, ಗುಜರಾತಿನಲ್ಲೂ ಹುಟ್ಟುತ್ತಾರೆಂಬುದು ಅವರಿಗೆ ಆಮೇಲೆ ತಿಳಿಯಿತು. 1990ರಲ್ಲಿ 65,000ಕ್ಕೆ ಬೀಗ ಬಿತ್ತು. 2013ರಲ್ಲಿ ಈ ವರ್ಗವನ್ನೇ ಕೈಬಿಡುವ ಮಸೂದೆ ಸೆನೆಟ್‌ನಲ್ಲಿ ಪಾಸಾಗಿ, ಕೆಳಮನೆಗೆ ಹೋಗಿ ಅಲ್ಲೇ ಮಲಗಿತು. ಮುಚ್ಚುವ ಧೈರ್ಯವಿಲ್ಲ, ತೆರೆಯುವ ಮನಸ್ಸಿಲ್ಲ. ಅಂಥದ್ದಕ್ಕೆಲ್ಲ ಸರ್ಕಾರಗಳು ಕಂಡುಕೊಂಡ ಉಪಾಯ ಒಂದೇ: ಕಾಯಿಸುವುದು.

ಈಗ ಮಕ್ಕಳ ವಿಷಯಕ್ಕೆ ಬರೋಣ. ಈ ಶಾಸ್ತ್ರದ ಅತಿ ಸೂಕ್ಷ್ಮ ಭಾಗ ಇದೇ.

ಅಪ್ಪನ ಪಾಳಿ ಬಂದಾಗ ಮಗನಿಗೆ 21 ತುಂಬಿರಬಾರದು, ಮದುವೆಯೂ ಆಗಿರಬಾರದು. ಇಪ್ಪತ್ತು ವರ್ಷದ ಸಾಲಿನಲ್ಲಿ ನಿಂತವನ ಮಗ 21ರ ಒಳಗೇ ಉಳಿಯುವುದು ಹೇಗೆ? ಕರುಣಾಳು ಸಂಸತ್ತು 2002ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿತು. ಐ-130 ಅರ್ಜಿ ಮಂಜೂರಾಗದೆ ಕಚೇರಿಯಲ್ಲಿ ಎಷ್ಟು ದಿನ ಕೊಳೆಯಿತೋ ಅಷ್ಟನ್ನು ಮಗನ ವಯಸ್ಸಿನಲ್ಲಿ ಕಳೆಯಬಹುದು. ಮಂಜೂರಾದ ಮೇಲೆ ಸಾಲಿನಲ್ಲಿ ಕಳೆದ ವರ್ಷಗಳನ್ನು ಮಾತ್ರ ಕಳೆಯುವಂತಿಲ್ಲ.

ಇಬ್ಬರು ಹುಡುಗರನ್ನು ತೆಗೆದುಕೊಳ್ಳಿ, ಒಬ್ಬ ಹಾಸನದವನು, ಒಬ್ಬ ಉಡುಪಿಯವನು. ಅರ್ಜಿ ಹಾಕಿದ ದಿನ ಇಬ್ಬರಿಗೂ ಎರಡು ವರ್ಷ. ಪಾಳಿ ಬಂದ ದಿನ ಇಬ್ಬರಿಗೂ 22. ಹಾಸನದವನ ಫೈಲು ಒಬ್ಬ ಚುರುಕಾದ ಅಧಿಕಾರಿಯ ಕೈಗೆ ಬಿದ್ದು ಆರೇ ತಿಂಗಳಲ್ಲಿ ಮಂಜೂರಾಗಿತ್ತು. ಕಳೆದರೆ ಇಪ್ಪತ್ತೊಂದೂವರೆ, ಹುಡುಗ ಔಟ್. ಉಡುಪಿಯವನ ಫೈಲಿನ ಮೇಲೆ ಇನ್ನೊಬ್ಬ ಅಧಿಕಾರಿ ಐದು ವರ್ಷ ಕಾಫಿ ಲೋಟ ಇಟ್ಟಿದ್ದ. ಕಳೆದರೆ 17, ಗಡ್ಡ ಮೀಸೆ ಬಂದ, ಡಿಗ್ರಿ ಮುಗಿಸಿದ ಬಾಲಕ ವಿಮಾನ ಹತ್ತುತ್ತಾನೆ. ಆದ್ದರಿಂದ ಕಾಯುವವರ ಮನೆಗಳಲ್ಲಿ ಪ್ರಾರ್ಥನೆಯೇ ಬೇರೆ: ದೇವರೇ, ನಮ್ಮ ಅರ್ಜಿಯನ್ನು ಮೈಗಳ್ಳನ ಮೇಜಿಗೆ ಹಾಕಪ್ಪ. ಕೆಲಸ ಮಾಡುವ ಅಧಿಕಾರಿಯನ್ನು ಕಂಡು ಜನ ಹೆದರುವ ವ್ಯವಸ್ಥೆಯನ್ನು ನಮ್ಮ ತಾಲ್ಲೂಕು ಕಚೇರಿಗಳೂ ಇಷ್ಟು ಶಾಸ್ತ್ರೋಕ್ತವಾಗಿ ಕಟ್ಟಿಲ್ಲ.

ಮದುವೆಯ ಕಥೆ ಇದಕ್ಕಿಂತ ಪೇಚು. ಮಗಳಿಗೆ ಶಿವಮೊಗ್ಗದ ಕಡೆಯ ಒಳ್ಳೇ ಸಂಬಂಧ ಬಂದರೆ ಅಪ್ಪ ಜಾತಕದ ಜೊತೆಗೆ ಬುಲೆಟಿನ್ನನ್ನೂ ತೆರೆಯಬೇಕು. ಗುಣ ಮೂವತ್ತು ಕೂಡಿದೆ, ಆದರೆ ಎಫ್-4 ಕೂಡಿಲ್ಲ.

ಮಕ್ಕಳು ಬೆಳೆದರೆ ಬರೀ ಮಕ್ಕಳ ವೀಸಾ ಹೋಗುತ್ತದೆ. ಅಕ್ಕ ಹೋದರೆ ಎಲ್ಲರದೂ ಹೋಗುತ್ತದೆ. ಅರ್ಜಿ ಹಾಕಿದವರು ತೀರಿಕೊಂಡರೆ, ಮಂಜೂರಾದ ಅರ್ಜಿಯೂ ತಂತಾನೇ ರದ್ದು. ಮಾನವೀಯ ನೆಲೆಯಲ್ಲಿ ಊರ್ಜಿತಗೊಳಿಸಿ ಎಂದು ಕೈಮುಗಿಯಬಹುದು. ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿ. ಹೀಗಾಗಿ ಭಾನುವಾರ ಬೆಳಗ್ಗೆಯ ವಾಟ್ಸ್‌ಆ್ಯಪ್ ಕಾಲ್‌ಗಳಲ್ಲಿ ಸೋದರ ವಾತ್ಸಲ್ಯ ಉಕ್ಕಿ ಹರಿಯುತ್ತಿದೆ.

"ಅಕ್ಕಾ, ಶುಗರ್ ಎಷ್ಟಿದೆ?"

"ನೂರ ಎಂಬತ್ತು ಕಣೋ."

"ಅಯ್ಯೋ, ಸಿಹಿ ಮುಟ್ಟಲೇಬೇಡ. ವಾಕಿಂಗ್ ತಪ್ಪಿಸಬೇಡ ಕಣೇ."

"ಅಮ್ಮ ಹೋದ್ಮೇಲೆ ಇಷ್ಟು ವಿಚಾರಿಸೋನು ನೀನೊಬ್ನೇ ನೋಡು."

ಪಕ್ಕದಿಂದ ಹೆಂಡತಿ ಪಿಸುಗುಟ್ಟುತ್ತಾಳೆ: "ರೀ, ಬಿ.ಪಿ.ನೂ ಕೇಳಿ."

ಹಾಗಾದರೆ ಅಷ್ಟರೊಳಗೆ ಒಮ್ಮೆ ಅಕ್ಕನನ್ನು ಖುದ್ದಾಗಿ ನೋಡಿ ಬರೋಣವೆಂದು ಟೂರಿಸ್ಟ್ ವೀಸಾಕ್ಕೆ ಹೋದರೆ, ಅಲ್ಲಿನ ಅರ್ಜಿಯಲ್ಲೊಂದು ಪ್ರಶ್ನೆ: ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ? ಹೌದು ಎಂದು ಬರೆಯಲೇಬೇಕು. ಬರೆದರೆ, ಈತ ಹೋದವನು ವಾಪಸ್ ಬರುತ್ತಾನೆಯೇ ಎಂಬ ಅನುಮಾನ ಅಧಿಕಾರಿಗೆ. ಅಕ್ಕನ ಜೊತೆ ಕಾಯಂ ಇರಬಹುದೆಂದು ಸಾಲಿನಲ್ಲಿ ನಿಲ್ಲಿಸಿದ್ದೇ, ಎರಡು ವಾರ ಅಕ್ಕನ ಮನೆಗೆ ಹೋಗಲು ಅಡ್ಡಗಾಲು. ಅರ್ಜಿಯೇ ಹಾಕದ ಪಕ್ಕದ ಮನೆಯವರು ನಯಾಗರಾ ನೋಡಿ ಬಂದು ಫೋಟೊ ಹಾಕುತ್ತಾರೆ.

ದಾಖಲೆಗಳ ಪುರಾಣಕ್ಕೆ ಹೋದರೆ ಈ ಅಂಕಣ ಸಾಲದು. ಅಕ್ಕ ತಮ್ಮ ನಿಜಕ್ಕೂ ಒಡಹುಟ್ಟಿದವರೆಂದು ಸಾಬೀತು ಮಾಡಬೇಕು. ಅಕ್ಕನ ಜನನ ಪತ್ರದಲ್ಲಿ ಅಪ್ಪ "ಎಂ. ಎಸ್. ನಂಜುಂಡಯ್ಯ", ತಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ನಂಜುಂಡಪ್ಪ". ಹೆಡ್‌ಮಾಸ್ಟರರ ಕೈ ಅಂದು ಕೊಂಚ ಜಾರಿತ್ತು, ಅಷ್ಟೆ. ಎಂ ಅಂದರೆ ಮಳವಳ್ಳಿ, ಎಸ್ ಅಂದರೆ ಸುಬ್ಬಯ್ಯ, ಅಯ್ಯನೂ ಅಪ್ಪನೂ ಒಬ್ಬನೇ ಮನುಷ್ಯ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕು. ಅದಕ್ಕೆ ಹುಟ್ಟಿದ್ದನ್ನು ಬಲ್ಲ ಹಿರಿಯರ ಸಹಿ ಬೇಕು. ಅಂಥ ಹಿರಿಯರನ್ನೂ ಇಪ್ಪತ್ತು ವರ್ಷ ಜೋಪಾನ ಮಾಡಿಟ್ಟುಕೊಂಡಿರಬೇಕು. ಇದರ ನಡುವೆ 2014ರಲ್ಲಿ ನಮ್ಮ ಸರ್ಕಾರ ಬ್ಯಾಂಗಲೋರನ್ನು ಬೆಂಗಳೂರು, ಮೈಸೋರನ್ನು ಮೈಸೂರು ಮಾಡಿ ಕನ್ನಡ ಉಳಿಸಿತು. ತಮ್ಮನ ಹುಟ್ಟೂರೂ ಈಗ ಎರಡಾಯಿತು.

ಎಲ್ಲ ದಾಟಿ ಕೊನೆಗೆ ಪಾಳಿ ಬಂತು ಅನ್ನಿ. ಆಗ ಅಕ್ಕ ಇನ್ನೊಂದು ಮುಚ್ಚಳಿಕೆ ಬರೆದುಕೊಡಬೇಕು: ಬಡತನ ರೇಖೆಯ ಶೇ 125ರಷ್ಟಾದರೂ ನನಗೆ ಆದಾಯವಿದೆ, ಇವರನ್ನು ಸಾಕುತ್ತೇನೆ. ಅರ್ಜಿ ಹಾಕಿದಾಗ ಅಕ್ಕ ಐಟಿ ಕಂಪನಿಯಲ್ಲಿ ಮ್ಯಾನೇಜರು. ಈಗ ಅವಳು ರಿಟೈರ್ಡು, ಭಾವನೂ ರಿಟೈರ್ಡು, ಸಾಕಿಸಿಕೊಳ್ಳಲು ಹೊರಟ ತಮ್ಮನೂ ಮೊನ್ನೆ ಬ್ಯಾಂಕಿನಿಂದ ಹಾರ, ಶಾಲು ಹಾಕಿಸಿಕೊಂಡು ಮನೆಗೆ ಬಂದವನು. ದುಡಿಯುವವರು ಬೇಕೆಂದು ಒಂದು ಕಡೆ ಗೊಣಗುವ ದೇಶ ಇವನಿಗೆ ಸರಿಯಾಗಿ ಅರವತ್ತಕ್ಕೆ ಬಾಗಿಲು ತೆರೆಯುತ್ತದೆ. ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಸಿಗಲು ಅಲ್ಲಿ ಐದು ವರ್ಷ ವಾಸವಿರಬೇಕು. ಅಲ್ಲಿಯವರೆಗೆ ಮಂಡಿ ನೋವು ಸ್ವಂತ ಖರ್ಚಿನದು.

ಮುಚ್ಚಳಿಕೆಯಲ್ಲಿ ಇನ್ನೂ ಒಂದು ಷರತ್ತಿದೆ: ಬರೆದುಕೊಡುವವರ ವಾಸ ಅಮೆರಿಕದಲ್ಲೇ ಇರಬೇಕು. ಅಕ್ಕ ಭಾವ ಮೈಸೂರಿಗೆ ವಾಪಸಾಗೋಣವೆಂದು ಕುವೆಂಪುನಗರದಲ್ಲಿ ಫ್ಲ್ಯಾಟ್ ಕೊಂಡು ಆರು ವರ್ಷವಾಯಿತು. ತಮ್ಮನ ವೀಸಾ ಆಗುವವರೆಗೆ ಬರುವಂತಿಲ್ಲ. ಅದರ ಬಾಡಿಗೆ ವಸೂಲಿ, ನಲ್ಲಿ ರಿಪೇರಿ, ಸೊಸೈಟಿ ಮೀಟಿಂಗು ಎಲ್ಲ ತಮ್ಮನದೇ. ಮೊನ್ನೆ ಮುಂಬೈ ಸಂದರ್ಶನದ ಪತ್ರ ಬಂದದ್ದೇ ಭಾವನ ಫೋನು.

"ಅಂತೂ ಬಂತಲ್ಲಯ್ಯ! ನೀವು ಇಲ್ಲಿ ಇಳಿದು ನಾಲ್ಕು ದಿನಕ್ಕೆ ನಾವು ಅಲ್ಲಿಗೆ ಹೊರಡ್ತೀವಿ, ಟಿಕೆಟ್ ನೋಡ್ತಿದೀನಿ. ಮನೆ ಕೀ ಪಕ್ಕದ ಪಟೇಲ್‌ರ ಹತ್ರ ಇರುತ್ತೆ. ಜನವರೀಲಿ ಡ್ರೈವ್‌ವೇ ಸ್ನೋ ಮಾತ್ರ ನೀನೇ ಎತ್ತಬೇಕಾಗುತ್ತೆ. ಸೊಂಟ ಹೇಗಿದೆ ನಿಂದು?"