ಸೀಸನ್ನಿನ ಶೂ ಬಿಟ್ಟು ಅಥಣಿಯ ಚಪ್ಪಲಿ ಮೆಟ್ಟಬೇಕೇ? ಪರ–ವಿರೋಧ

ಪರಿಸರದ ಮೇಲಿನ ಹೊರೆ ತಗ್ಗಬೇಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನಾವು ಸೀಸನ್ನಿಗೊಮ್ಮೆ ಬದಲಾಗುವ ಅಗ್ಗದ ಶೂ, ಸ್ಯಾಂಡಲ್‌ಗಳನ್ನು ಬಿಟ್ಟು, ನಮ್ಮ ಭಾಗದಲ್ಲೇ ತಯಾರಾಗುವ ತೊಗಲಿನ ಹೊಲಿಗೆ ಚಪ್ಪಲಿಗೆ ಮರಳಬೇಕೇ? ಹೌದು ಎನ್ನುವವರ ವಾದವನ್ನೂ ಬೇಡ ಎನ್ನುವವರ ವಾದವನ್ನೂ ಅವುಗಳ ಪೂರ್ಣ ಬಲದೊಡನೆ ಮಂಡಿಸಲು ಇಲ್ಲಿ ಯತ್ನಿಸಿದ್ದೇನೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಉದ್ದೇಶವಿಲ್ಲ.

ಪರ

ಮುಂಗಾರಿಗೆ ಮುಂಚೆ ತಿಪ್ಪೆಗೊಬ್ಬರ ಹೇರಿದ ಹೊಲದಲ್ಲಿ ಒಂದು ಸುತ್ತು ನಡೆದು ನೋಡಬೇಕು. ಗೊಬ್ಬರದ ಗುಪ್ಪೆಗಳಲ್ಲಿ ಗುಟಕಾ ಚೀಟಿ, ಶಾಂಪೂ ಪೊಟ್ಟಣಗಳ ಜೊತೆಗೆ ಹರಿದ ಹವಾಯಿ ಚಪ್ಪಲಿಯ ಪಟ್ಟಿ, ಮಕ್ಕಳ ಶೂಗಳ ಸೋಲು (ಅಡಿಭಾಗ) ಕಣ್ಣಿಗೆ ಬೀಳುತ್ತವೆ. ಸಗಣಿ, ಕಣಕಿ, ಬೂದಿ ಎಲ್ಲ ಕೊಳೆತು ಮಣ್ಣಾಗಿದ್ದರೂ ಇವು ಮಾತ್ರ ಬಿದ್ದ ಹಾಗೆಯೇ ಬಿದ್ದಿರುತ್ತವೆ. ಮುಂದಿನ ವರ್ಷ ಕುಂಟೆ ಹೊಡೆಯುವಾಗ ಕುಡಕ್ಕೆ ಸಿಕ್ಕಿ ಮತ್ತೆ ಮೇಲೆ ಬರುತ್ತವೆ. ಪಟ್ಟಣದವರು ಇದನ್ನು ಕಾಣದಿರುವುದಕ್ಕೆ ಅವರ ಕಸ ಗಾಡಿ ಏರಿ ಊರಾಚೆ ಹೋಗುವುದೊಂದೇ ಕಾರಣ. ಬೆಳಗಾವಿಯವರ ಶೂ ತುರಮುರಿಯ ಕಸ ಸಂಸ್ಕರಣಾ ಘಟಕಕ್ಕೆ ಹೋದ ಮಾತ್ರಕ್ಕೆ ಕರಗಿಹೋಗುವುದಿಲ್ಲ.

ಇಂದಿನ ಶೂ ಒಂದೇ ವಸ್ತುವಿನಿಂದ ಆದದ್ದಲ್ಲ. ಮೇಲೆ ಪಾಲಿಯೆಸ್ಟರ್ ಬಟ್ಟೆ ಇಲ್ಲವೇ ರೆಕ್ಸಿನ್, ಒಳಗೆ ಫೋಮು, ಕೆಳಗೆ ಇವಿಎ, ಪಿಯು (ಪಾಲಿಯುರೆಥೇನ್) ಅಥವಾ ಪಿವಿಸಿ ಎಂಬ ಪ್ಲಾಸ್ಟಿಕ್‌ನ ಸೋಲು, ಇವೆಲ್ಲವನ್ನೂ ಹಿಡಿದಿಡಲು ಅಂಟು. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಸಂಶೋಧಕರು 2013ರಲ್ಲಿ ಒಂದು ಜೊತೆ ಓಟದ ಶೂವನ್ನು ಅಧ್ಯಯನಕ್ಕೆ ತೆಗೆದುಕೊಂಡಾಗ ಅದರಲ್ಲಿ 65 ಬಿಡಿಭಾಗಗಳೂ ಅವನ್ನು ಕೂಡಿಸುವುದಕ್ಕೆ 360ಕ್ಕೂ ಹೆಚ್ಚು ಹಂತಗಳೂ ಇದ್ದವು. ಅದು ಹುಟ್ಟಿ ಕಸವಾಗುವವರೆಗೆ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಸುಮಾರು 14 ಕಿಲೋ ಎಂದೂ, ಅದರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತಯಾರಿಕೆಯಲ್ಲೇ ಹುಟ್ಟುತ್ತದೆಂದೂ ಅವರು ಲೆಕ್ಕ ಹಾಕಿದರು. ಇಷ್ಟು ಬಗೆಯ ವಸ್ತುಗಳನ್ನು ಅಂಟಿಸಿ ಒಂದು ಮಾಡಿದ ಮೇಲೆ ಅವನ್ನು ಬಿಡಿಸಿ ಮರುಬಳಸುವುದು ಯಾವ ಗುಜರಿ ವ್ಯಾಪಾರಿಗೂ ಗಿಟ್ಟುವುದಿಲ್ಲ. ಪಿವಿಸಿ ಚಪ್ಪಲಿಯನ್ನಾದರೂ ಕೆಲವರು ತೂಕಕ್ಕೆ ಕೊಳ್ಳುತ್ತಾರೆ, ಅಂಟಿನ ಶೂವನ್ನು ಕೇಳುವವರಿಲ್ಲ. ಉಳಿಯುವ ದಾರಿ ತಿಪ್ಪೆ ಇಲ್ಲವೇ ಬೆಂಕಿ. ಪಿವಿಸಿ ಸುಟ್ಟರೆ ಆಮ್ಲದ ಹೊಗೆಯೊಡನೆ ಡಯಾಕ್ಸಿನ್‌ನಂಥ ವಿಷಗಳೂ ಹೊರಬೀಳುತ್ತವೆ.

ಬಾಳಿಕೆಯ ಮಾತು ಇದಕ್ಕಿಂತ ಮುಖ್ಯ. ಮದುವೆಗೆಂದು ಕೊಂಡು, ಎರಡು ಸಲ ಮೆಟ್ಟಿ, ಡಬ್ಬಿಯಲ್ಲಿ ಕಾಗದ ಸುತ್ತಿ ಜೋಪಾನವಾಗಿಟ್ಟ ಶೂವನ್ನು ನಾಲ್ಕೈದು ವರ್ಷದ ಮೇಲೆ ಹೊರತೆಗೆದು ಹಾಕಿಕೊಂಡರೆ, ಕಲ್ಯಾಣ ಮಂಟಪ ಮುಟ್ಟುವಷ್ಟರಲ್ಲಿ ಸೋಲು ಚೂರುಚೂರಾಗಿ ಉದುರುವುದನ್ನು ಅನೇಕರು ಕಂಡಿದ್ದಾರೆ. ಅದು ಅಂಗಡಿಯವರ ಮೋಸವಲ್ಲ, ಪಾಲಿಯುರೆಥೇನ್‌ನ ಗುಣ: ಗಾಳಿಯಲ್ಲಿರುವ ತೇವ ಅದನ್ನು ಬಳಸಿದರೂ ಬಳಸದಿದ್ದರೂ ಒಳಗಿಂದೊಳಗೇ ಶಿಥಿಲಗೊಳಿಸುತ್ತದೆ. ಅಂಟು ಬಿಟ್ಟ ಸೋಲನ್ನು ಬಸ್ ನಿಲ್ದಾಣದ ಹೊರಗೆ ಕುಳಿತ ಚಪ್ಪಲಿ ಹೊಲಿಯುವವರ ಮುಂದೆ ಹಿಡಿದರೆ, ಅವರು ಅದನ್ನು ಎರಡೂ ಕೈಯಿಂದ ಬಗ್ಗಿಸಿ ನೋಡಿ, “ಇದಕ್ಕ ಹೊಲಿಗಿ ನಿಲ್ಲೂದಿಲ್ರಿ” ಎಂದು ವಾಪಸು ಕೊಡುವುದೇ ಹೆಚ್ಚು. ಉಳಿ ಚುಚ್ಚಿದಲ್ಲೇ ಫೋಮು ಸೀಳಿಕೊಳ್ಳುತ್ತದೆ.

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಯ ಕಥೆ ಬೇರೆ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಇಂಥ ಪ್ರದೇಶದ ವಿಶಿಷ್ಟ ಸರಕು ಎಂಬ ಗುರುತಿನ) ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. ಎಮ್ಮೆಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರಿನಲ್ಲಿ ಹದ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ನೀರು ತುಂಬಿ ತೂಗುಹಾಕುತ್ತಾರೆ. ಕಾರ್ಖಾನೆಗಳು ಬಳಸುವ ಕ್ರೋಮಿಯಂ ಲವಣದಲ್ಲಿ ಒಂದು ದಿನದೊಳಗೆ ಮುಗಿಯಬಹುದಾದ ಕೆಲಸ ಇಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಅಟ್ಟೆಯ (ತೊಗಲಿನ ಅಡಿಭಾಗದ) ಪದರಗಳನ್ನು ಮೊಳೆಯಿಲ್ಲದೆ ಹೊಲಿದು ಕೂಡಿಸುತ್ತಾರೆ, ಮೇಲಿನ ಹೆಣಿಗೆಯ ಬಹುಪಾಲು ಮನೆಯ ಹೆಣ್ಣುಮಕ್ಕಳ ಕೈಕೆಲಸ. ಹೊಸದರಲ್ಲಿ ಕಾಲು ಕಚ್ಚುತ್ತದೆ, ನಿಜ. ಔಡಲ ಎಣ್ಣೆ ಸವರಿ ಕೆಲ ದಿನ ಮೆಟ್ಟಿದರೆ ತೊಗಲು ಮೆತ್ತಗಾಗುತ್ತದೆ; ಹೆಬ್ಬೆರಳು ಮತ್ತು ಹಿಮ್ಮಡಿ ಊರುವ ಜಾಗ ಕಪ್ಪಾಗಿ, ತುಸು ತಗ್ಗಾಗಿ, ಆಮೇಲೆ ಆ ಜೋಡು ಇನ್ನೊಬ್ಬರ ಕಾಲಿಗೆ ಒಗ್ಗದಂತಾಗುತ್ತದೆ. ಅಟ್ಟೆ ಸವೆದರೆ ಹೊಸ ಪದರ ಹಾಕಿಸಬಹುದು, ಹೆಬ್ಬೆರಳು ತೂರುವ ಉಂಗುಟ ಹರಿದರೆ ಅದನ್ನಷ್ಟೇ ಬದಲಿಸಬಹುದು.

ಬೆಲೆ ಹೆಚ್ಚೆಂಬ ಆಕ್ಷೇಪವನ್ನು ಲೆಕ್ಕ ಹಾಕಿಯೇ ನೋಡೋಣ. ನೂರೈವತ್ತು ರೂಪಾಯಿಯ ಚಪ್ಪಲಿ ವರ್ಷಕ್ಕೆ ಎರಡು ಜೊತೆ ಬೇಕಾದರೆ ನಾಲ್ಕು ವರ್ಷಕ್ಕೆ ಸಾವಿರದ ಇನ್ನೂರಾಯಿತು, ಕಸ ಎಂಟು ಜೊತೆ. ಎಂಟುನೂರರ ತೊಗಲಿನ ಜೋಡಿಗೆ ಎರಡು ಸಲ ದುರಸ್ತಿಯ ಖರ್ಚು ಸೇರಿಸಿದರೂ ಅದಕ್ಕಿಂತ ಹೆಚ್ಚಾಗದು. ಉಟ್ಟು ತೊಟ್ಟು ಚೆಂದ ಕಾಣಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಇಳಕಲ್ ಸೀರೆ ಸೀಸನ್ನಿಗೆ ಹಳತಾಗುವುದಿಲ್ಲ, ಅದನ್ನು ಉಡುವವರನ್ನು ಯಾರೂ ಓಬೀರಾಯನ ಕಾಲದವರೆಂದು ನಗುವುದಿಲ್ಲ. ಆದರೆ ಅರಿಶಿಣಕ್ಕೊಂದು, ಅಕ್ಷತೆಗೊಂದು, ಆರತಕ್ಷತೆಗೊಂದು ಬಣ್ಣದ ಮ್ಯಾಚಿಂಗ್ ಚಪ್ಪಲಿ ಎಂಬ ಹೊಸ ರೂಢಿ ಬೆಳೆಯುತ್ತಿರುವುದು, ಕೊಂಡದ್ದನ್ನು ಬೇಗ ಬಿಡಬೇಕೆಂಬ ಲೆಕ್ಕದಲ್ಲೇ ನಡೆಯುವ ವ್ಯಾಪಾರದಿಂದ.

ವಿರೋಧ

ಮೇಲಿನ ವಾದದಲ್ಲಿ ಮೆಟ್ಟುವವರ ಕಾಲು ಎಂಥ ನೆಲದ ಮೇಲಿದೆ ಎಂಬುದೇ ಮರೆತುಹೋಗಿದೆ. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಯಲ್ಲಿ ನೀರು ಹಾಯಿಸುವವರಿಗೆ, ಮಳೆಗಾಲದ ಎರೆ ಹೊಲದಲ್ಲಿ ಕಳೆ ತೆಗೆಯುವವರಿಗೆ ತೊಗಲಿನ ಚಪ್ಪಲಿ ಉಪಯೋಗಕ್ಕೆ ಬಾರದು. ಎರೆ ಮಣ್ಣು ಹೆಜ್ಜೆಹೆಜ್ಜೆಗೂ ಅಟ್ಟೆಗೆ ಮೆತ್ತಿ ಹೆಂಟೆಯಾಗುತ್ತದೆ, ನೆಂದ ತೊಗಲು ಉಬ್ಬಿ ಹೊಲಿಗೆ ಸಡಿಲಾಗುತ್ತದೆ, ಒಣಗಿದ ಮೇಲೆ ಸೆಟೆದುಕೊಂಡು ಹಿಮ್ಮಡಿಯನ್ನು ಕೆತ್ತುತ್ತದೆ. ಬಕೆಟ್ ನೀರಿನಲ್ಲಿ ಅದ್ದಿ ತೆಗೆದರೆ ಶುಚಿಯಾಗುವ ನೂರೈವತ್ತರ ಚಪ್ಪಲಿಯನ್ನು ಕೂಲಿಯ ಹೆಣ್ಣುಮಗಳು ಕೊಳ್ಳುವುದು ಅಜ್ಞಾನದಿಂದಲ್ಲ. ನಾಲ್ಕು ವರ್ಷದ ಲೆಕ್ಕದಲ್ಲಿ ತೊಗಲೇ ಅಗ್ಗವಿರಬಹುದು. ಆ ಲೆಕ್ಕ ಹಾಕಬೇಕಾದರೆ ಇಂದು ಕೈಯಲ್ಲಿ ಎಂಟುನೂರು ರೂಪಾಯಿ ಇರಬೇಕು, ಮತ್ತು ನಾಲ್ಕು ವರ್ಷವೂ ಕೆಸರಿಗೆ ಇಳಿಯದ ಕಸುಬಿರಬೇಕು. ಪರ ವಾದದ ಗ್ರಾಹಕ ಕಚೇರಿಗೆ ಹೋಗುವವನೇ ಎಂಬುದನ್ನು ಅದರ ಮಂಡನಕಾರರು ಒಪ್ಪಿಕೊಂಡರೆ ಚರ್ಚೆ ಅರ್ಧ ಹಗುರಾಗುತ್ತದೆ.

ತೊಗಲು ನಿರ್ಮಲವಾದ ವಸ್ತು ಎಂಬುದೂ ಪೂರ್ಣ ನಿಜವಲ್ಲ. ಕೂದಲು ತೆಗೆದ ಸುಣ್ಣದ ನೀರು, ತೊಗಲಿನ ಒಳಬದಿಯಿಂದ ಹೆರೆದ ಮಾಂಸದ ಚೂರು, ತೊಗಟೆಯ ಕಂದು ನೀರು, ಇವು ಹಳ್ಳಕ್ಕೆ ಸೇರಿದರೆ ಅಲ್ಲಿಯ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಒಗರಿನ ಅಂಶ ಬೇಗ ಕೊಳೆಯುವಂಥದ್ದಲ್ಲ. ಕ್ರೋಮಿಯಂ ಇಲ್ಲವೆಂಬುದು ದೊಡ್ಡ ಗುಣವೇ ಹೌದು. ಹಾಗೆಂದು ಸಂಸ್ಕರಣೆಯಿಲ್ಲದೆ ಹೊರಬಿಟ್ಟ ನೀರಿಗೆ ರಿಯಾಯಿತಿ ಕೊಡಲಾಗದು. ಜಾನುವಾರು ಸಾಕಣೆಯಿಂದ ಹೊಮ್ಮುವ ಮೀಥೇನ್‌ನಲ್ಲಿ ತೊಗಲಿಗೆ ಎಷ್ಟು ಪಾಲು ಹಚ್ಚಬೇಕೆಂಬ ವಿವಾದ ಬೇರೆಯೇ ಇದೆ. ಅದು ಮಾಂಸದ ಉಪ ಉತ್ಪನ್ನ ಎನ್ನುವವರ ಮಾತು ನನಗೆ ಹೆಚ್ಚು ಸರಿಯೆನಿಸುತ್ತದೆ, ಆದರೂ ಆ ಲೆಕ್ಕ ಸೊನ್ನೆಯಾಗುವುದಿಲ್ಲ. ಇನ್ನು 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ವಧೆಗೆ ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಪ್ರಮಾಣಪತ್ರದ ಮೇಲೆ. ಹೀಗಿರುವಾಗ ಹೊರರಾಜ್ಯದಿಂದ ತೊಗಲು ತರಿಸಿ ಹೊಲಿದದ್ದನ್ನು ಪಕ್ಕದ ಊರಿನ ಸರಕೆಂದು ಎಷ್ಟರಮಟ್ಟಿಗೆ ಕರೆಯಬಹುದು?

ಕೊಳ್ಳುವವರಿಗೆ ಗುರುತು ಹಿಡಿಯುವುದೂ ಕಷ್ಟ. ಪೇಟೆಯಲ್ಲಿ ಕೊಲ್ಹಾಪುರಿ ಎಂದು ತೂಗುಹಾಕಿದ್ದರಲ್ಲಿ ರೆಕ್ಸಿನ್ ಪಟ್ಟಿ, ಪಿಯು ಸೋಲಿನವು ಬೇಕಾದಷ್ಟಿವೆ. ‘ವೀಗನ್ ಲೆದರ್’ (ಪ್ರಾಣಿಯ ತೊಗಲಿಲ್ಲದ್ದು) ಎಂಬ ಚೀಟಿ ಹಚ್ಚಿದ ಸರಕಿನಲ್ಲಿ ಬಹುಪಾಲು ಅದೇ ಪಿಯು, ಅದೇ ಪಿವಿಸಿ.

ಪರ ವಾದದಲ್ಲಿ ನನಗೆ ಅತಿ ದುರ್ಬಲವಾಗಿ ಕಾಣುವುದು ಪರಂಪರೆಯ ಮಾತು. ತೊಗಟೆಯ ನೀರಿನ ಬಾನಿಗೆ ಕೈ ಹಾಕುವವರು ಯಾರು? ಸಮಗಾರ, ಢೋರ ಸಮುದಾಯಗಳ ಹೆಗಲ ಮೇಲೆ ಹುಟ್ಟಿನಿಂದಲೇ ಹೊರಿಸಿದ ಕಸುಬು ಇದು. ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯನನ್ನು ವೇದಿಕೆಯ ಮೇಲೆ ಭಕ್ತಿಯಿಂದ ನೆನೆಯುವ ಎಷ್ಟೋ ಊರುಗಳಲ್ಲಿ ತೊಗಲು ಹದ ಮಾಡುವವರ ಓಣಿ ಈಗಲೂ ಊರಿನ ಅಂಚಿನಲ್ಲಿದೆ. ಅವರ ಮಕ್ಕಳು ಡಿಪ್ಲೊಮಾ ಓದಿ ಬೇರೆ ಕೆಲಸ ಹುಡುಕಿದರೆ ನಷ್ಟವೆಂದು ಮರುಗುವ ಹಕ್ಕು ಚಪ್ಪಲಿ ಮೆಟ್ಟಿ ಮಾತ್ರ ಗೊತ್ತಿರುವ ನಮಗಿಲ್ಲ. ಬೇಡಿಕೆ ಹೆಚ್ಚಿದರೆ ಕೂಲಿ ಹೆಚ್ಚುತ್ತದೆ ಎಂಬ ಭರವಸೆಯನ್ನೂ ಪರೀಕ್ಷಿಸಬೇಕು. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಯನ್ನು ಅದರ ಮೂಲ ಹೇಳದೆ ತೋರಿಸಿ ಟೀಕೆಗೆ ಗುರಿಯಾಯಿತು. ಆಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು 2,000 ಜೊತೆಗಳನ್ನು ಇಲ್ಲಿಯೇ ಮಾಡಿಸಿ, ಜೊತೆಯೊಂದಕ್ಕೆ ಸುಮಾರು 800 ಯೂರೋ ಬೆಲೆಯಲ್ಲಿ ಮಾರುವುದಾಗಿ ಹೇಳಿತು. ಗೌರವ ಸಿಕ್ಕಿತೆನ್ನೋಣ. ಎಂಟು ಜಿಲ್ಲೆಗಳ ಕುಶಲಕರ್ಮಿಗಳಿಗೆ ಎರಡು ಸಾವಿರ ಜೊತೆಯ ಕೆಲಸ ಎಷ್ಟು ದಿನದ ಊಟ?

ಇನ್ನೊಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪರಿಸರಸ್ನೇಹಿ ಎಂಬ ಹೆಸರಿನ ಚಪ್ಪಲಿಯೂ ಒಂದು ಫ್ಯಾಷನ್ನೇ. ಕಪಾಟಿನಲ್ಲಿ ಗಟ್ಟಿಯಾಗಿರುವ ಎರಡು ಜೊತೆ ಶೂ ಇದ್ದೂ, ಹಸಿರು ಮನಸ್ಸಿನಿಂದ ಮೂರನೆಯ ಜೊತೆ ಕೊಂಡವರು ಕಸವನ್ನು ಕಡಿಮೆ ಮಾಡಲಿಲ್ಲ. ಇದ್ದುದನ್ನೇ ಸವೆಸುವುದು, ಸೋಲು ಬಿಟ್ಟರೆ ಬೀದಿಯ ಅಂಟಿನಿಂದಲಾದರೂ ಇನ್ನೊಂದು ಮಳೆಗಾಲ ದೂಡುವುದು, ಹಳೇ ಟೈರಿನ ಅಟ್ಟೆ ಹಾಕಿಸಿಕೊಳ್ಳುವುದು, ಇವು ತೊಗಲೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆಗಿಂತ ದೊಡ್ಡವು. ಟೈರಿನ ಚಪ್ಪಲಿ ಮೆಟ್ಟಿದವರನ್ನು ಪರಿಸರವಾದಿ ಎಂದು ಯಾರೂ ಕರೆಯಲಿಲ್ಲ, ಬಡವ ಎಂದರು.

ಒಬ್ಬೊಬ್ಬ ಗ್ರಾಹಕನ ಮನಃಸಾಕ್ಷಿಗೆ ಈ ಹೊರೆಯನ್ನು ಹೊರಿಸಿದರೆ ತಯಾರಕರೂ ಸರ್ಕಾರವೂ ಸುಲಭವಾಗಿ ಪಾರಾಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಜೊತೆಯೊಂದಕ್ಕೆ 2,500 ರೂಪಾಯಿವರೆಗಿನ ಎಲ್ಲ ಪಾದರಕ್ಷೆಗೂ ಶೇ. 5ರ ಒಂದೇ ಜಿಎಸ್‌ಟಿ. ಕೊಳೆಯದ ಸೋಲಿಗೂ ಅದೇ ದರ, ತೊಗಟೆಯಲ್ಲಿ ಹದವಾದ ಅಟ್ಟೆಗೂ ಅದೇ ದರ. ಸರ್ಕಾರಿ ಶಾಲೆಗಳ ಒಂದರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ರಾಜ್ಯವೇ ವರ್ಷಕ್ಕೊಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡುತ್ತದೆ, ಖರೀದಿ ನಡೆಯುವುದು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮೂಲಕ. ಅದಕ್ಕೆ ಗೊತ್ತುಮಾಡಿದ ಮುನ್ನೂರರ ಆಸುಪಾಸಿನ ಬೆಲೆಗೆ ಹೊಲಿಗೆಯ ಸೋಲು ಸಿಗುವುದು ಕಷ್ಟ. ಸೋಲಿಗೆ ಹೊಲಿಗೆ ಇರಲೇಬೇಕು, ಶಾಲೆಯ ವರ್ಷ ಮುಗಿಯುವುದರೊಳಗೆ ಕಿತ್ತರೆ ಸರಬರಾಜು ಮಾಡಿದವರೇ ದುರಸ್ತಿ ಮಾಡಿಕೊಡಬೇಕು, ಹಳೆಯದನ್ನು ಅವರೇ ವಾಪಸು ಒಯ್ಯಬೇಕು ಎಂಬ ಷರತ್ತುಗಳನ್ನು ಸೇರಿಸಿ, ಅದಕ್ಕೆ ತಕ್ಕಂತೆ ಬೆಲೆಯನ್ನೂ ಏರಿಸಿದರೆ, ಲಕ್ಷಾಂತರ ಜೊತೆಗಳ ಆ ಒಂದು ಖರೀದಿಯಿಂದಲೇ ನಿಪ್ಪಾಣಿ, ಅಥಣಿಯ ಹೊಲಿಗೆಯವರಿಗೆ ವರ್ಷವಿಡೀ ಕೆಲಸ ಸಿಗಬಹುದು, ಮತ್ತು ಕಂಪನಿಗಳು ಹೊಲಿಯಬಲ್ಲ ಸೋಲು ಮಾಡುವುದನ್ನು ಕಲಿಯಬೇಕಾಗುತ್ತದೆ.