ವಹಿಯಲ್ಲಿ ಜಾಗವಿಲ್ಲದ ಆಮೆ

ಇಂದು ಬೆಳಿಗ್ಗೆ ಮುನಿರಾಬಾದ್ ಬಳಿ ತುಂಗಭದ್ರೆಯ ಹಿನ್ನೀರಿನ ದಡದಲ್ಲಿ ಕಂಡದ್ದು ಇನ್ನೂ ಕಣ್ಣಿನಿಂದ ಮರೆಯಾಗಿಲ್ಲ. ಹರಿಗೋಲಿನಿಂದ ಇಳಿಸಿದ ಕಾಟ್ಲಾ, ರೋಹು ಮೀನುಗಳನ್ನು ತೂಗಿ ಒಬ್ಬರು ವಹಿಯಲ್ಲಿ ಕಿಲೋ ಲೆಕ್ಕ ಬರೆಯುತ್ತಿದ್ದರು. ಅದೇ ಬಲೆಗೆ ಸಿಕ್ಕಿ ಸತ್ತಿದ್ದ ಮೆದುಚಿಪ್ಪಿನ ಆಮೆಯೊಂದು ಜಾಲಿಗಿಡದ ಬುಡದಲ್ಲಿ ಬಿದ್ದಿತ್ತು. ನೈಲಾನ್ ಎಳೆ ಕತ್ತಿನ ಮಡಿಕೆಯೊಳಗೆ ಇಳಿದಿತ್ತು. ಮುಂಗಾಲಿನ ಉಗುರುಗಳಿಗೆ ಬಲೆಯ ತುಂಡು ಸುತ್ತಿಕೊಂಡಿತ್ತು.

“ಇದನ್ನ ಬರ್ಕೊಳ್ಳಲ್ಲೇನ್ರೀ ಅಣ್ಣ?” ಎಂದೆ. “ಅದನ್ನ ಯಾರ್ ಕೇಳ್ತಾರ್ರೀ ಸರ” ಎಂದರು.

ಅವರ ತಪ್ಪೇನಿಲ್ಲ, ನಿಜವಾಗಿಯೂ ಯಾರೂ ಕೇಳುವುದಿಲ್ಲ. ಆಮೆಯಾಗಲಿ ನೀರುನಾಯಿಯಾಗಲಿ ಉಸಿರಿಗೆ ಮೇಲೆ ಬರಲೇಬೇಕಾದ ಜೀವಿಗಳು. ರಾತ್ರಿಯಿಡೀ ಕಟ್ಟಿಟ್ಟ ಬಲೆಯಲ್ಲಿ ಸಿಕ್ಕರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತವೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದೇವೆ. ಆದರೆ ದಡದ ವಹಿಯಲ್ಲಿ ಇಂದಿಗೂ ಮಾರಾಟವಾಗುವ ಮೀನಿಗಷ್ಟೇ ಜಾಗವಿದೆ.

ಸಮುದ್ರದಲ್ಲಿ ಈ ಲೆಕ್ಕ ತಕ್ಕಮಟ್ಟಿಗಾದರೂ ನಡೆದಿದೆ. ಹಿಡಿದ ಮೇಲೆ ಬೇಡವೆಂದು ಮರಳಿ ನೀರಿಗೆ ಎಸೆಯುವ ಜೀವರಾಶಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 91 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಅಮೆರಿಕದಲ್ಲಿ ಸೀಗಡಿ ದೋಣಿಗಳಲ್ಲಿ ವೀಕ್ಷಕರನ್ನು ಕೂರಿಸಿ ಬಲೆಗೆ ಬಿದ್ದ ಕಡಲಾಮೆಗಳನ್ನು ಎಣಿಸಿದರು. ಆ ಎಣಿಕೆಯ ಬಲದಿಂದಲೇ, ಸೀಗಡಿ ಒಳಗೆ ಉಳಿದು ಆಮೆ ಹೊರಬೀಳುವಂಥ ಕಂಬಿಜಾಲರಿಯನ್ನು ಬಲೆಗೆ ಅಳವಡಿಸಬೇಕೆಂಬ ನಿಯಮ 1987ರಲ್ಲಿ ಬಂತು.

ಬೆಸ್ತರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಹೊಡೆಯಿರೆಂದು ನಾನೆಲ್ಲಿ ಹೇಳಿದೆ? ಆಮೆ ಸಿಕ್ಕಿ ಬಲೆ ಹರಿದರೆ ನಷ್ಟ ಅವರದ್ದೇ. ನಾನು ಕೇಳುತ್ತಿರುವುದು ವಹಿಯಲ್ಲಿ ಇನ್ನೊಂದು ಕಲಂ: ಯಾವ ಜೀವಿ, ಸತ್ತಿತ್ತೋ ಬದುಕಿತ್ತೋ, ಬಲೆಯ ಕಣ್ಣು ಎಷ್ಟು ಅಗಲ, ಎಷ್ಟು ತಾಸು ನೀರಿನಲ್ಲಿತ್ತು. ಸತ್ತವುಗಳ ಸಂಖ್ಯೆಯೊಂದೇ ಸಾಲದು, ಎಷ್ಟು ಬಲೆ ಹಾಕಿದ್ದರೆಂಬುದೂ ಬೇಕು. ಹತ್ತು ಬಲೆಗೆ ಒಂದು ಆಮೆ ಸಾಯುವುದಕ್ಕೂ ಸಾವಿರ ಬಲೆಗೆ ಒಂದು ಸಾಯುವುದಕ್ಕೂ ಬಹಳ ಅಂತರವಿದೆ.

ಇಪ್ಪತ್ತು ವರ್ಷಗಳಿಂದ ಇದೇ ದಡದಿಂದ ಮೀನು ಒಯ್ದಿದ್ದೇನೆ, ಒಮ್ಮೆಯೂ ಈ ಮಾತನ್ನು ಕೇಳಿರಲಿಲ್ಲ. ಅದು ಇಂದು ನನ್ನನ್ನು ಚುಚ್ಚುತ್ತಿದೆ. ಬರುವ ಭಾನುವಾರ ಗೆರೆ ಹಾಕಿದ ವಹಿಯೊಂದನ್ನು ಒಯ್ಯುತ್ತೇನೆ. ಬರೆದಿಡಲು ಆ ಅಣ್ಣ ಒಪ್ಪಿದ್ದಾರೆ.